ಎಣಿಕೆ ತಪ್ಪಿದ ಸರಪಳಿ

ನಾನು ಹೊಲ ಅಳೆಯುವವನು. ಕಚೇರಿಯ ಕಾಗದದಲ್ಲಿ ಭೂಮಾಪಕ, ನಮ್ಮ ಕಡೆಯ ಊರುಗಳಲ್ಲಿ ಮೋಜಣಿ ಸಾಹೇಬ. ವಿಜಯಪುರದಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲಿಂದಲೇ ದಿನಾ ಬಸ್ಸು ಹಿಡಿದು ಹೊರಬಿದ್ದು, ಮೂವತ್ತನಾಲ್ಕು ವರ್ಷ ಸುತ್ತಲಿನ ಕರಿಮಣ್ಣಿನ ಹೊಲಗಳಲ್ಲಿ ನಡೆದಿದ್ದೇನೆ. ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ. ಈ ಎಂಟು ತಿಂಗಳನ್ನು ದಾಟುವುದು ಹೇಗೆಂದು ತಿಳಿಯದೆ ಬರೆಯಲು ಕೂತೆ ಎಂದರೆ ಅದು ಅರ್ಧ ನಿಜ. ಉಳಿದರ್ಧ, ತಿಕೋಟಾದ ಒಂದು ದ್ರಾಕ್ಷಿ ತೋಟದಲ್ಲಿ ನನ್ನ ಕೈಯಿಂದ ಆದ ತಪ್ಪು.

ಚೆನ್ನಾಗಿರುವವರು ಯಾರೂ ಮೋಜಣಿಗೆ ಅರ್ಜಿ ಹಾಕುವುದಿಲ್ಲ. ಅಣ್ಣತಮ್ಮಂದಿರ ನಡುವೆ ಮಾತು ನಿಂತಾಗ, ಎರಡು ಹೊಲಗಳ ನಡುವಿನ ಬಾಂದದ ಮೇಲಿನ ಬೇವಿನ ಮರ ಯಾರದು ಎಂದು ಜಗಳ ಹತ್ತಿದಾಗ ನಮ್ಮನ್ನು ಕರೆಯುತ್ತಾರೆ. ನಾವು ಹೋಗಿ ಇಳಿಯುವ ಹೊತ್ತಿಗೆ ಹೊಲದ ಈ ಬದಿಗೆ ಒಂದು ಗುಂಪು, ಆ ಬದಿಗೆ ಒಂದು ಗುಂಪು ನಿಂತಿರುತ್ತದೆ. ಇವರು ಕೊಟ್ಟ ಚಹಾ ಕುಡಿದರೆ ಅವರಿಗೆ ಅನುಮಾನ. ಅವರು ಹಾಸಿದ ಕಂಬಳಿಯ ಮೇಲೆ ಕೂತರೆ ಇವರಿಗೆ ಅನುಮಾನ. ಹೀಗಾಗಿ ನೌಕರಿ ಸೇರಿದ ಮೊದಲ ವರ್ಷವೇ ಒಂದು ನಿಯಮ ಮಾಡಿಕೊಂಡೆ. ಅಳೆಯಲು ಹೋದ ಹೊಲದಲ್ಲಿ ಯಾರ ಕೈಯಿಂದಲೂ ಒಂದು ಲೋಟ ನೀರು ಸಹ ತೆಗೆದುಕೊಳ್ಳುವುದಿಲ್ಲ. ನನ್ನ ನೀರು ನನ್ನ ಚೀಲದಲ್ಲಿ, ನನ್ನ ಬುತ್ತಿ ನನ್ನ ಚೀಲದಲ್ಲಿ. ಊಟದ ಹೊತ್ತಿಗೆ ಎರಡೂ ಗುಂಪಿನಿಂದ ದೂರ ಹೋಗಿ, ಮೂರನೆಯ ಯಾರದೋ ಹೊಲದ ಮರದ ನೆರಳಿನಲ್ಲಿ ಕೂತು ಉಣ್ಣುತ್ತಿದ್ದೆ. ಪ್ರಾಮಾಣಿಕ ಮನುಷ್ಯ ಎಂದು ಹೆಸರು ಬಂತು. ಆ ಹೆಸರಿನ ಜೊತೆ ಕೂತು ಉಣ್ಣುವವರು ಯಾರೂ ಬರಲಿಲ್ಲ.

ಯಾರೂ ಇರಲಿಲ್ಲ ಎಂದರೆ ತಪ್ಪಾದೀತು. ಒಬ್ಬನಿದ್ದ. ನಮ್ಮ ಕಚೇರಿಯ ಜವಾನ, ಸರಪಳಿ ಹಿಡಿಯುವವ, ಬಬಲೇಶ್ವರದ ಕಡೆಯವ. ನನಗಿಂತ ನಾಲ್ಕು ವರ್ಷ ದೊಡ್ಡವನಾದ್ದರಿಂದ ನಾನು ಅಣ್ಣಾ ಎನ್ನುತ್ತಿದ್ದೆ, ಅವನು ಕೊನೆಯವರೆಗೂ ನನ್ನನ್ನು ಸಾಹೇಬ್ರ ಎಂದೇ ಕರೆದ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಮೂವತ್ಮೂರು ಅಡಿಯ ಒಂದು ಕಬ್ಬಿಣದ ಸರಪಳಿಯ ಎರಡು ತುದಿ ಹಿಡಿದು ನಡೆದೆವು. ಅವನು ಮುಂದೆ, ನಾನು ಹಿಂದೆ. ಸರಪಳಿ ಬಿಗಿಯಾದ ಕೂಡಲೇ ಅವನು ನೆಲಕ್ಕೆ ಒಂದು ಕಬ್ಬಿಣದ ಸೂಜಿ ಚುಚ್ಚಿ ಗಟ್ಟಿಯಾಗಿ ಕೂಗುತ್ತಿದ್ದ: “ಏಳು!” ನಾನು ಹಿಂದಿನಿಂದ “ಏಳು!” ಎಂದು ಮರುಕೂಗು ಹಾಕಿ, ಮುಂದೆ ಹೋಗಿ ಆ ಸೂಜಿ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಕೊನೆಗೆ ಕೈಯಲ್ಲಿರುವ ಸೂಜಿಗಳನ್ನು ಎಣಿಸಿದರೆ ಅವನ ಕೂಗಿಗೂ ನನ್ನ ಕೂಗಿಗೂ ತಾಳೆಯಾಗಬೇಕು. ಆಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿದ ನೆನಪಿಲ್ಲ.

ಬೇರೆ ಮಾತು ನಮ್ಮ ನಡುವೆ ಹೆಚ್ಚಿರಲಿಲ್ಲ. ಬುತ್ತಿ ಬಿಚ್ಚಿದಾಗ ಅವನ ರೊಟ್ಟಿಯ ಮೇಲಿನ ಶೇಂಗಾ ಹಿಂಡಿ ಸ್ವಲ್ಪ ನನ್ನ ಕಡೆ ಬರುತ್ತಿತ್ತು, ನನ್ನ ಡಬ್ಬಿಯ ಪಲ್ಯ ಅವನ ಕಡೆ ಹೋಗುತ್ತಿತ್ತು. ಅವನ ಮಗಳ ಮದುವೆಗೆ ನಾನು ಹೋಗಿದ್ದೆ. ನನ್ನ ತಂದೆ ತೀರಿಕೊಂಡಾಗ ಅವನು ಬಂದು ಖಬರಸ್ತಾನದವರೆಗೂ ನಡೆದಿದ್ದ. ಅದನ್ನು ಸ್ನೇಹ ಎಂದು ಕರೆಯಬೇಕೆಂದು ಆಗ ಹೊಳೆದಿರಲಿಲ್ಲ. ಅವನು ನಿವೃತ್ತನಾದ ದಿನ ಕಚೇರಿಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಒಂದು ಫೋಟೊ ತೆಗೆದರು. ಫೋಟೊದಲ್ಲಿ ನಾನು ಅವನ ಪಕ್ಕದಲ್ಲಿ ನಿಂತಿಲ್ಲ, ಯಾವುದೋ ಫೈಲು ಹುಡುಕಲು ಒಳಗೆ ಹೋಗಿದ್ದೆ.

ಅವನ ಜಾಗಕ್ಕೆ ಯಾರೂ ಬರಲಿಲ್ಲ. ಕಚೇರಿಗೆ ಹೊಸ ಅಳತೆಯ ಯಂತ್ರ ಬಂದಿತ್ತು. ಅದು ಇದ್ದದ್ದು ಒಂದೇ, ಬೇಡುವವರು ನಾಲ್ಕು ಮಂದಿ. ಎರಡು ದಿನ ತರಬೇತಿ ಕೊಟ್ಟರು. ಅದರ ಪುಟ್ಟ ಪರದೆಯ ಮೇಲಿನ ಅಕ್ಷರ ನನಗೆ ಬಿಸಿಲಿನಲ್ಲಿ ಕಾಣಲಿಲ್ಲ. ಮತ್ತೊಮ್ಮೆ ಹೇಳಿಕೊಡಿ ಎಂದು ನನ್ನ ಮಗಳ ವಯಸ್ಸಿನವರನ್ನು ಕೇಳಲು ನಾಚಿಕೆಯಾಯಿತು. ಹೀಗಾಗಿ ಉಳಿದವರು ಯಂತ್ರ ಒಯ್ದರು, ನಾನು ಹಳೆಯ ಸರಪಳಿಯನ್ನೇ ಒಯ್ದೆ. ಇನ್ನೊಂದು ತುದಿಯನ್ನು ಆಯಾ ಹೊಲದವರು ಹಿಡಿಯುತ್ತಿದ್ದರು. ಅವರಿಗೆ ಕೂಗುವ ರೂಢಿ ಇಲ್ಲ. ಒಬ್ಬನೇ ಕೂಗಿಕೊಂಡು ಹೋಗಲು ನನಗೆ ಏನೋ ಸಂಕೋಚ. ಬಾಯಲ್ಲೇ ಎಣಿಸತೊಡಗಿದೆ. ಮಂಡಿನೋವು ಹೆಚ್ಚಾದ ಮೇಲೆ ಬಗ್ಗಿ ಬಗ್ಗಿ ಸೂಜಿ ಕೀಳುವುದನ್ನೂ ಬಿಟ್ಟೆ. ಹಿಮ್ಮಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ಮುಂದೆ ನಡೆಯುತ್ತಿದ್ದೆ.

ಅವನು ಹೋದ ಮೇಲಿನ ಆ ಎರಡು ವರ್ಷಗಳ ದಣಿವನ್ನು ಹೇಗೆ ಹೇಳಲಿ? ಬೆಳಿಗ್ಗೆ ಎದ್ದು ಮಂಚದ ತುದಿಯಲ್ಲಿ ಕೂತು ಒಂದು ಕಾಲಿಗೆ ಕಾಲುಚೀಲ ಹಾಕುತ್ತಿದ್ದೆ. ಇನ್ನೊಂದು ಕಾಲುಚೀಲ ಕೈಯಲ್ಲೇ ಇರುತ್ತಿತ್ತು. ಹತ್ತು ನಿಮಿಷ, ಒಮ್ಮೊಮ್ಮೆ ಕಾಲು ತಾಸು. ಏನಾದರೂ ಯೋಚಿಸುತ್ತಿದ್ದೆನೇ ಎಂದರೆ ಅದೂ ಇಲ್ಲ. ರಾತ್ರಿ ನಿದ್ದೆ ಬರುತ್ತಿತ್ತು, ಎದ್ದರೆ ಮಲಗಿದ ಹಾಗೆಯೇ ಅನ್ನಿಸುತ್ತಿರಲಿಲ್ಲ. ಹೊಲದಲ್ಲಿ ಜನ ತಮ್ಮ ತಕರಾರು ಹೇಳುತ್ತಿದ್ದರೆ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಒಳಗೆ ಇಳಿಯುತ್ತಿರಲಿಲ್ಲ. ಈ ಜಗಳವನ್ನು ನಾನು ಮೊದಲೇ ಕೇಳಿದ್ದೇನೆ, ನೂರು ಸಲ ಕೇಳಿದ್ದೇನೆ ಎನ್ನಿಸುತ್ತಿತ್ತು.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ನನಗಿಂತ ಆರು ವರ್ಷ ಚಿಕ್ಕವಳು. ಅವಳಿಗೆ ಇನ್ನೂ ಕೆಲಸ ಬೇಸರವಾಗಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಹೊರಡುತ್ತಾಳೆ, ಸಂಜೆ ಮಕ್ಕಳ ನೋಟ್‌ಬುಕ್ಕು ಹೊತ್ತು ತರುತ್ತಾಳೆ. ಮಗಳನ್ನು ಊರಲ್ಲೇ ಕೊಟ್ಟಿದ್ದೇವೆ, ಶುಕ್ರವಾರ ತಪ್ಪದೆ ಬರುತ್ತಾಳೆ. ಹಾಗಾಗಿ ನನ್ನ ಸುತ್ತ ಜನವಿಲ್ಲ ಎಂದು ದೂರುವಂತಿಲ್ಲ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಹೆಂಡತಿ ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಬರುತ್ತಾಳೆ, ಶಾಲೆಯ ಮಕ್ಕಳಿಗೆ ಬೈದು ರೂಢಿ. ಒಂದು ದಿನ ಕಾಲುಚೀಲ ಕೈಯಲ್ಲಿ ಹಿಡಿದು ಕೂತದ್ದನ್ನು ನೋಡಿ ಕನ್ನಡದಲ್ಲಿ ಕೇಳಿದಳು:

“ಏನ್ ಆಗೇತ್ರಿ ನಿಮಗ? ಹೊಟ್ಟಿ ನೋವೇನು?”

“ಏನಿಲ್ಲ. ಸುಸ್ತು.”

“ಸುಸ್ತು ಎಲ್ಲಾರಿಗೂ ಆಗ್ತೈತಿ. ದವಾಖಾನಿಗೆ ಹೋಗಿ ತೋರಸ್ರಿ.”

ತೋರಿಸಿದೆ. ರಕ್ತ ಪರೀಕ್ಷೆ ಮಾಡಿದರು. ಏನೂ ಇಲ್ಲ, ಮಂಡಿ ಸವೆದಿದೆ, ನಡಿಗೆ ಕಡಿಮೆ ಮಾಡಿ ಎಂದರು. ನಡೆಯುವುದೇ ನನ್ನ ಕೆಲಸ ಎಂದು ಹೇಳಬೇಕೆಂದುಕೊಂಡೆ. ನನ್ನ ಹಿಂದೆ ಇನ್ನೂ ಮಂದಿ ಕಾಯುತ್ತಿದ್ದರು, ಎದ್ದು ಬಂದೆ.

ತಿಕೋಟಾದ ಅರ್ಜಿ ಬಂದದ್ದು ಬೇಸಿಗೆಯಲ್ಲಿ, ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ. ಅಕ್ಕ ಮತ್ತು ತಮ್ಮನ ನಡುವಿನ ತಕರಾರು. ತಂದೆ ಬದುಕಿರುವಾಗಲೇ ಹೊಲವನ್ನು ಎರಡು ಪಾಲು ಮಾಡಿ, ಗಂಡ ತೀರಿಕೊಂಡು ತವರಿಗೆ ಬಂದ ಮಗಳಿಗೆ ಒಂದು ಪಾಲು ಕೊಟ್ಟಿದ್ದ. ಅವಳು ತನ್ನ ಪಾಲಿನಲ್ಲಿ ದ್ರಾಕ್ಷಿ ಹಚ್ಚಿದಳು. ತಮ್ಮನದು ಜೋಳ, ತೊಗರಿ ಬೆಳೆಯುವ ಬಯಲು ಹೊಲ. ತಂದೆ ಹೋದ ಮೇಲೆ ತಮ್ಮ, ಅಕ್ಕನ ತೋಟ ತನ್ನ ಹೊಲದೊಳಗೆ ಬಂದಿದೆ ಎಂದು ತಗಾದೆ ತೆಗೆದ. ನಡುವಿನ ಬಾಂದ ಟ್ರ್ಯಾಕ್ಟರ್ ಓಡಾಡಿ ಸವೆದು ಹೋಗಿತ್ತು, ಕಲ್ಲು ಕಾಣುತ್ತಿರಲಿಲ್ಲ. ಹಳೆಯ ನಕ್ಷೆಯ ಪ್ರಕಾರ ತಮ್ಮನ ಹೊಲದ ಮೂಲೆಗಲ್ಲಿನಿಂದ ಹದಿನಾಲ್ಕು ಸರಪಳಿ ಅಳೆದರೆ ಗಡಿ ಸಿಗಬೇಕು. ಮೂವತ್ತು ವರ್ಷದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಸರಳವಾದದ್ದು.

ಬುಧವಾರ ಹನ್ನೊಂದಕ್ಕೆ ಶುರು ಮಾಡಿದೆ. ಸರಪಳಿಯ ಮುಂದಿನ ತುದಿಯನ್ನು ತಮ್ಮನ ಕಡೆಯ ಒಬ್ಬ ಮುದುಕ ಹಿಡಿದಿದ್ದ. ಎಂಟು, ಒಂಬತ್ತು ಆಗುವ ಹೊತ್ತಿಗೆ ಬಲಮಂಡಿ ಹಿಡಿದುಕೊಂಡಿತು. ಅಲ್ಲೇ ಮಣ್ಣ ಹೆಂಟೆಯ ಮೇಲೆ ಕೂತೆ. ನೀರು ಕುಡಿದೆ. ಕಣ್ಣು ಮುಚ್ಚಿದ್ದೆನೋ ಏನೋ. ಮುದುಕ “ಸಾಹೇಬ್ರ, ಏಳ್ರಿ, ಬಿಸಲ ಏರಾಕತ್ತೈತಿ” ಎಂದಾಗ ಎದ್ದೆ. ಸರಪಳಿ ಎಳೆದು ಬಿಗಿ ಮಾಡಿ ಬಾಯಲ್ಲೇ ಒಂಬತ್ತು ಎಂದುಕೊಂಡು ಮುಂದೆ ನಡೆದೆ. ಅದು ಹತ್ತಾಗಬೇಕಿತ್ತು.

ನನ್ನ ಹದಿನಾಲ್ಕು ಮುಗಿದಾಗ ನಾವು ದ್ರಾಕ್ಷಿ ತೋಟದೊಳಗೆ ಮೂರು ಸಾಲು ದಾಟಿ ನಿಂತಿದ್ದೆವು. ಆಚೆ ಬದಿಯ ಕಲ್ಲಿನಿಂದ ಇನ್ನೊಮ್ಮೆ ಅಳೆದು ತಾಳೆ ನೋಡಬೇಕು. ಅದು ಕಡ್ಡಾಯ. ಆಚೆಯ ಕಲ್ಲು ದೂರವಿತ್ತು, ನಡುವೆ ತೋಟದ ತಂತಿಗಳಿದ್ದವು, ಪ್ರತಿ ಸಾಲಿಗೂ ಬಗ್ಗಿ ಹಾಯಬೇಕು. ನಾನು ನೋಡಲಿಲ್ಲ.

ಅಕ್ಕ ಅಲ್ಲೇ ನಿಂತಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಕತ್ತರಿ ಇತ್ತು.

“ಸಾಹೇಬ್ರ, ಇಲ್ಲಿ ಹೆಂಗ ಬರ್ತೈತ್ರಿ? ಬಾಂದ ಅಲ್ಲಿತ್ರಿ. ನಮ್ಮಪ್ಪ ದಿನಾ ಅದರ ಮ್ಯಾಲ ಕುಂತು ಬುತ್ತಿ ಉಣತಿದ್ದ. ನಾನ ಬುತ್ತಿ ತರತಿದ್ನಿ.”

“ಕಾಗದದಾಗ ಇದ್ದಂಗ ಅಳದೇನ್ರಿ ಅಕ್ಕಾರ,” ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ನೀವ ಅಳದೀರಿ ಅಂದ್ರ ಸರಿ ಇರಬೇಕ್ರಿ. ನೀವು ಯಾರ ಕಡೀ ನೀರೂ ಮುಟ್ಟಂಗಿಲ್ಲಂತ ಊರ ಮಂದಿ ಹೇಳ್ಯಾರ,” ಎಂದು ಪಂಚನಾಮೆಗೆ ಸಹಿ ಮಾಡಿದಳು. ತಮ್ಮನೂ ಮಾಡಿದ. ಅಲ್ಲೇ ಕಲ್ಲು ನೆಡಿಸಿ, ಸುಣ್ಣ ಬಳಿಸಿ, ಮೂರು ಗಂಟೆಯ ಬಸ್ಸು ಹಿಡಿದೆ.

ಶನಿವಾರ ಸಂಜೆ ಮನೆಯಲ್ಲಿ ಕೂತು ನಕ್ಷೆಗೆ ಶಾಯಿ ಹಾಕುತ್ತಿದ್ದೆ. ಹೆಂಡತಿ ಸಂಬಂಧಿಕರ ಮನೆಯ ಮದುವೆಗೆ ಹೋಗಿದ್ದಳು. ಅಳೆಯುತ್ತಾ ಹೋಗುವಾಗ ದಾರಿಯಲ್ಲಿ ಸಿಗುವ ಬಾವಿ, ಬಂಡಿ ದಾರಿ ಎಲ್ಲವನ್ನೂ ಎಷ್ಟನೆಯ ಸರಪಳಿಗೆ ಬಂತು ಎಂದು ಬರೆದುಕೊಳ್ಳುವುದು ನಮ್ಮ ಪದ್ಧತಿ. ನನ್ನ ಪುಸ್ತಕದಲ್ಲಿ ಬಾವಿ ಆರಕ್ಕೆ ಇತ್ತು, ಹಳೆಯ ನಕ್ಷೆಯಲ್ಲೂ ಆರಕ್ಕೆ. ಬಂಡಿ ದಾರಿ ನನ್ನ ಪುಸ್ತಕದಲ್ಲಿ ಹನ್ನೊಂದಕ್ಕೆ ಇತ್ತು, ಹಳೆಯ ನಕ್ಷೆಯಲ್ಲಿ ಹನ್ನೆರಡಕ್ಕೆ. ಎರಡು ಮೂರು ಸಲ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ದಾರಿ ತಾನಾಗಿ ಒಂದು ಸರಪಳಿ ಈಚೆ ಬರಲಾರದು. ಆಗ ಆ ಮಣ್ಣ ಹೆಂಟೆ, ಆ ನೀರಿನ ಬಾಟಲಿ, ಎದ್ದು ನಿಂತು ಬಾಯಲ್ಲಿ ಅಂದುಕೊಂಡ ಒಂಬತ್ತು, ಎಲ್ಲಾ ಒಮ್ಮೆಗೇ ನೆನಪಾಯಿತು. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸರಪಳಿ ಹಿಡಿಯುತ್ತಿದ್ದ ಅಣ್ಣನಿಗೆ ಫೋನು ಮಾಡೋಣ ಎಂದುಕೊಂಡೆ. ನಿವೃತ್ತನಾದ ಮೇಲೆ ಅವನಿಗೆ ಒಮ್ಮೆಯೂ ಮಾಡಿರಲಿಲ್ಲ, ಈಗ ಇದಕ್ಕಾಗಿ ಹೇಗೆ ಮಾಡಲಿ ಎಂದು ಫೋನು ಕೆಳಗಿಟ್ಟೆ.

ಭಾನುವಾರ ಬೆಳಿಗ್ಗೆಯೇ ಸರಪಳಿ ಚೀಲಕ್ಕೆ ಹಾಕಿಕೊಂಡು ಅಥಣಿ ರಸ್ತೆಗೆ ಬಂದು ನಿಂತೆ. ತಿಕೋಟಾದ ಬಸ್ಸು ಅಲ್ಲೇ ಕೈ ಮಾಡಿದರೆ ನಿಲ್ಲುತ್ತದೆ. ಇಳಿದು, ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡುಗಳನ್ನು ದಾಟಿ ತೋಟಕ್ಕೆ ನಡೆದೆ. ದೂರದಿಂದಲೇ ಕೊಡಲಿಯ ಸಪ್ಪಳ ಕೇಳಿಸಿತು.

ಮೂರು ಸಾಲಿನಲ್ಲಿ ಒಂದು ಸಾಲು ಪೂರ್ತಿ ಹೋಗಿತ್ತು. ಹನ್ನೊಂದು ವರ್ಷದ ಬಳ್ಳಿಗಳು, ಮಣಿಕಟ್ಟಿನಷ್ಟು ದಪ್ಪ. ಬುಡಕ್ಕೇ ಕಡಿದು ಅಡ್ಡ ಹಾಕಿದ್ದರು. ಕಡಿದ ಮೋಟುಗಳಿಂದ ನೀರು ಜಿನುಗಿ ಮಣ್ಣು ಹಸಿಯಾಗಿತ್ತು. ತಮ್ಮನು ಎರಡನೆಯ ಸಾಲಿನ ಮೊದಲ ಬಳ್ಳಿಗೆ ಕೊಡಲಿ ಎತ್ತಿದ್ದ. ಅಕ್ಕ ತೋಟದ ಇನ್ನೊಂದು ತುದಿಯಲ್ಲಿ ಈ ಕಡೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದಳು.

“ನಿಲ್ಲಸ್ರಿ,” ಎಂದೆ. “ನಿಲ್ಲಸ್ರಿ. ನನ್ನ ಎಣಿಕಿ ತಪ್ಪೈತಿ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೊಡಲಿ ನೆಲಕ್ಕೆ ಬಿಟ್ಟು ಕೂಗಾಡಿದ. “ಏನ್ ಚಾಷ್ಟಿ ಹಚ್ಚೀರೇನ್ರಿ? ಬುಧವಾರ ಕಲ್ಲ ಹಾಕ್ತೀರಿ, ಐತವಾರ ತಪ್ಪೈತಿ ಅಂತೀರಿ! ಆಕಿ ಏನರ ಕೊಟ್ಳೇನು?”

ನನ್ನ ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಈ ಮಾತನ್ನು ನನ್ನ ಮುಖಕ್ಕೆ ಹೇಳಿರಲಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಕಡಿದ ಸಾಲಿನ ಮುಂದೆ ನಿಂತವನಿಗೆ ಸಿಟ್ಟು ಮಾಡಲು ಯಾವ ಹಕ್ಕಿದೆ?

“ನೀವ ಒಂದ ತುದಿ ಹಿಡೀರಿ,” ಎಂದೆ. “ಅಕ್ಕಾರ ಜೋಡಿ ಬರಲಿ. ಗಟ್ಟ್ಯಾಗಿ ಎಣಸ್ರಿ. ನಾನು ಬಾಯಿ ತಗ್ಯಾಂಗಿಲ್ಲ.”

ಅವನು ಹಿಡಿದ. ಸಿಟ್ಟಿನಲ್ಲೇ ಒಂದೊಂದು ಸರಪಳಿಗೂ ಕೂಗಿದ. ಅಕ್ಕ ಪಕ್ಕದಲ್ಲಿ ನಡೆಯುತ್ತಾ ಪ್ರತಿ ಸರಪಳಿಗೊಂದು ಕಡ್ಡಿ ಮುರಿದು ಸೆರಗಿನಲ್ಲಿ ಹಾಕಿಕೊಂಡಳು. ಇಬ್ಬರೂ ಪರಸ್ಪರ ಮಾತಾಡಲಿಲ್ಲ. ಹದಿನಾಲ್ಕು ಎಂದು ಅವನು ಕೂಗಿ ನಿಂತ ಜಾಗ, ಮೂರು ಸಾಲಿನ ಈಚೆ, ಸವೆದ ಬಾಂದದ ಮೇಲೆ ಇತ್ತು. ಆಚೆಯ ಕಲ್ಲಿನಿಂದಲೂ ಅಳೆದೆವು. ಹದಿನೆಂಟು ತಂತಿಗಳ ಕೆಳಗೆ ಬಗ್ಗಿ ಹಾಯ್ದೆ. ಕೂಡಿ ಬಂತು. ಗುದ್ದಲಿಯಿಂದ ಕೆದರಿದಾಗ ಮೊಳದಷ್ಟು ಆಳದಲ್ಲಿ ಹಳೆಯ ಕಲ್ಲೇ ಸಿಕ್ಕಿತು.

ತಮ್ಮನು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅದರ ಮೇಲಿನ ಮಣ್ಣನ್ನು ಕೈಯಿಂದ ಒರೆಸಿದ. ನಾನು ಅಕ್ಕನ ಕಡೆ ತಿರುಗಿ ಏನೋ ಹೇಳಲು ಹೋದೆ. ನನ್ನದು ತಪ್ಪಾಯಿತು ಎಂದೆನೋ, ಬಳ್ಳಿಗಳ ಬಗ್ಗೆ ಏನೋ ಎಂದೆನೋ. ಅವಳು ನಡುವೆ ತಡೆದಳು.

“ಕಡದಾಂವ ಅಂವ ಅದಾನ್ರಿ. ಆದ್ರ ಕಡಿ ಅಂತ ಹೇಳಿದ್ದು ನಿಮ್ಮ ಕಾಗದ. ನಾ ಯಾರಿಗೆ ಬೈಲಿ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಅವಳೇ ಗುಡಿಸಲಿಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಮೊದಲು ತಮ್ಮನ ಮುಂದೆ ಇಟ್ಟಳು. ಅವನು ಕುಡಿಯಲಿಲ್ಲ. ಆಮೇಲೆ ಅದೇ ತಂಬಿಗೆಯನ್ನು ನನ್ನ ಕಡೆ ಚಾಚಿದಳು. “ಕುಡೀರಿ ಸಾಹೇಬ್ರ. ಮಾರಿ ಕೆಂಪಗ ಆಗೇತಿ.” ನಾನು ಕುಡಿದೆ. ನಿಯಮ ನೆನಪಿತ್ತು. ಇನ್ನು ಅದನ್ನು ಇಟ್ಟುಕೊಂಡು ಮಾಡುವುದೇನಿತ್ತು?

ಸೋಮವಾರ ಕಚೇರಿಯಲ್ಲಿ ಎಲ್ಲವನ್ನೂ ಬರೆದು ಕೊಟ್ಟೆ. ನಮ್ಮ ಅಧಿಕಾರಿ ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ. ಓದಿ ತಲೆ ಅಲ್ಲಾಡಿಸಿದರು.

“ಕಲ್ಲು ಸರಿ ಮಾಡಿ ಬಂದೀರಿ. ಯಾರೂ ತಕರಾರು ಕೊಟ್ಟಿಲ್ಲ. ಇದನ್ಯಾಕ ಬರದ್ರಿ ಸರ?”

“ಆದದ್ದು ಬರದೇನ್ರಿ.”

“ಇನ್ನ ಒಂದೂವರಿ ವರ್ಷ ಇತ್ತು. ಸುಮ್ಮ ಇದ್ರ ಮುಗೀತಿತ್ತು.”

ಬರೆದು ಕೊಟ್ಟ ಮೇಲೆ ಕಾಗದ ತನ್ನ ದಾರಿ ತಾನು ಹಿಡಿಯುತ್ತದೆ. ನೋಟಿಸು ಬಂತು, ಉತ್ತರ ಕೊಟ್ಟೆ. ಒಂದು ತಿಂಗಳ ನಂತರ ಹೊಲದ ಕೆಲಸದಿಂದ ತೆಗೆದು ಬಬಲೇಶ್ವರಕ್ಕೆ, ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ಅಧಿಕಾರಿ ಸಮಾಧಾನ ಹೇಳಿದರು, “ನಿಮಗೂ ಆರಾಮ ಆಗ್ತೈತ್ರಿ. ಕುಂತ ಕೆಲಸ.” ಅವರ ಮಾತು ಮನಸ್ಸಿನಿಂದ ಬಂದದ್ದೇ. ನಾನೂ ಎರಡು ವರ್ಷದಿಂದ ಕೂರಬೇಕು ಎಂದುಕೊಳ್ಳುತ್ತಿದ್ದವನೇ. ಕುರ್ಚಿ ಸಿಕ್ಕಿತು, ದಣಿವು ಹೋಗಲಿಲ್ಲ. ಒಂದು ಸಣ್ಣ ಕಿಟಕಿ, ಕಬ್ಬಿಣದ ಕಪಾಟುಗಳು, ಮುಟ್ಟಿದರೆ ಅಂಚು ಉದುರುವ ನಕ್ಷೆಗಳು. ಯಾರಾದರೂ ನಕಲು ಕೇಳಿದರೆ ಹುಡುಕಿ ಕೊಡುವುದು. ಹೊಲದಲ್ಲಿದ್ದಾಗ ಜನರ ಜಗಳ ಸಾಕಾಗಿತ್ತು. ಇಲ್ಲಿ ಮಧ್ಯಾಹ್ನ ಪೂರ್ತಿ ಮನುಷ್ಯರ ದನಿಯೇ ಇಲ್ಲ.

ಬಬಲೇಶ್ವರಕ್ಕೆ ಬಂದ ಮೇಲೆ ಅಣ್ಣನ ಮನೆಗೆ ಹೋಗದಿರಲು ನೆಪ ಉಳಿಯಲಿಲ್ಲ. ಆದರೂ ಏಳೆಂಟು ತಿಂಗಳು ತಳ್ಳಿದೆ. ಒಂದು ಸಂತೆಯ ದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಮಿಠಾಯಿ ಅಂಗಡಿಯಲ್ಲಿ ಅರ್ಧ ಕಿಲೋ ಖಾರಾ ಕಟ್ಟಿಸಿಕೊಂಡು ಹೋದೆ. ಮನೆಯ ಮುಂದೆ ಎರಡು ಎಮ್ಮೆ ಕಟ್ಟಿದ್ದ. ಒಂದಕ್ಕೆ ಮೈ ತೊಳೆಯುತ್ತಿದ್ದ. ಸೊಂಟಕ್ಕೊಂದು ಟವೆಲ್ಲು, ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೆ ಹತ್ತು ವರ್ಷ ಚಿಕ್ಕವನಾದಂತಿದ್ದ.

“ಯಪ್ಪಾ, ಸಾಹೇಬ್ರ! ಬರ್ರಿ, ಬರ್ರಿ. ಕೂಡ್ರಿ. ಏ, ಚಾ ಇಡ ಬೇ, ಯಾರ ಬಂದಾರ ನೋಡು!”

ಚಹಾ ಬಂತು. ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಯಾವುದಕ್ಕೆ ಹಿಂಡಿ ಒಗ್ಗುವುದಿಲ್ಲ, ಡೇರಿಗೆ ಎಷ್ಟು ಗಂಟೆಗೆ ಹೋಗಬೇಕು, ಎಲ್ಲಾ ಹೇಳಿದ. ನಾನು ಕಾದು ಕೂತೆ. ಕೊನೆಗೆ ತಿಕೋಟಾದ ಸಂಗತಿ ಹೇಳಿದೆ. ಕೂತದ್ದು, ಎದ್ದದ್ದು, ಒಂಬತ್ತು ಎಂದದ್ದು, ಕಡಿದ ಸಾಲು. ಅವನು ಕೇಳಿಸಿಕೊಂಡ. ನಡುನಡುವೆ ಎಮ್ಮೆಯ ಕಡೆ ನೋಡುತ್ತಿದ್ದ.

“ಸೂಜಿ ಹಾಕಲಿಲ್ಲೇನ್ರಿ?” ಎಂದ.

“ಇಲ್ಲ ಅಣ್ಣಾ. ಬಗ್ಗಾಕ ಆಗವಲ್ದಾಗಿತ್ತು.”

“ಹೋಗ್ಲಿ ಬಿಡ್ರಿ. ನನಗ ಅದೆಲ್ಲಾ ಈಗ ಕನಸನ್ಯಾಗ ಸೈತ ಬರಂಗಿಲ್ರಿ. ಮುಗದ ದಿನಾನ ಮರತ್ ಬಿಟ್ನಿ. ನೀವೂ ಮರೀರಿ.”

ಅವನು ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ. ನನಗೆ ಮಾತ್ರ ಆ ಇಪ್ಪತ್ತೆರಡು ವರ್ಷದಲ್ಲಿ ನಾನೊಬ್ಬನೇ ಉಳಿದಂತೆ ಆಯಿತು. ಡೇರಿಯ ಹೊತ್ತಾಯಿತು ಎಂದು ಅವನು ಕ್ಯಾನು ಎತ್ತಿಕೊಂಡ. ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದ, ನಾನೇ ಬೇಡವೆಂದೆ. ಸಂತೆಯ ಗದ್ದಲದಲ್ಲಿ ಬಸ್ಸಿಗೆ ಜಾಗ ಸಿಗಲಿಲ್ಲ. ಜೀಪಿನಲ್ಲಿ ಉಳ್ಳಾಗಡ್ಡಿ ಚೀಲಗಳ ನಡುವೆ ಕಾಲು ಮಡಚಿ ಕೂತು ವಿಜಯಪುರಕ್ಕೆ ಬಂದೆ.

ಆ ಸಂಜೆ ಹೆಂಡತಿಗೆ ಹೇಳಿದೆ. ಅವಳಿಗೆ ಗೊತ್ತಿದ್ದದ್ದು ನನಗೆ ವರ್ಗವಾಗಿದೆ ಎಂದಷ್ಟೇ. ಅವಳು ನೋಟ್‌ಬುಕ್ಕುಗಳನ್ನು ಬದಿಗೆ ಸರಿಸಿ ಪೂರ್ತಿ ಕೇಳಿದಳು. ಮುಗಿದ ಮೇಲೆ ಕನ್ನಡದಲ್ಲೇ ಮಾತಾಡಿದಳು, ಆದರೆ ಸಿಟ್ಟಿನಿಂದಲ್ಲ.

“ಇಷ್ಟ ದಿನ ಒಬ್ಬರ ಇಟಗೊಂಡು ಕುಂತಿದ್ರಿ?”

“ನಿನಗ ಟೈಮ್ ಇರಲಿಲ್ಲ.”

“ಸುಳ್ಳ ಹೇಳಬ್ಯಾಡ್ರಿ. ದಿನಾ ಕೇಳೇನಿ. ದಿನಾ ಸುಸ್ತು ಅಂದೀರಿ. ಸುಸ್ತು ಅಂದ್ರ ಇದು ಅಂತ ನನಗ ಹೆಂಗ ಗೊತ್ತಾಗಬೇಕು?”

ಅವಳ ಮಾತು ಖರೆ. ನಾನೂ ಆ ಶಬ್ದಕ್ಕೆ ಬೇರೆ ಅರ್ಥ ಹುಡುಕಿರಲಿಲ್ಲ. ಮರುದಿನ ಅವಳೇ ಹತ್ತು ದಿನದ ರಜೆಯ ಅರ್ಜಿ ಬರೆದು ಸಹಿಗೆ ಮುಂದಿಟ್ಟಳು. ಇಷ್ಟು ವರ್ಷದಲ್ಲಿ ಮದುವೆ, ಮಣ್ಣು, ಜ್ವರ, ಹಿಂದಿನ ದಿನದ ಆ ಅರ್ಧ ದಿನ ಬಿಟ್ಟು ಬೇರೆ ಕಾರಣಕ್ಕೆ ನಾನು ರಜೆ ಹಾಕಿದ್ದು ಅದೇ ಮೊದಲು.

ಮೊದಲ ಮೂರು ದಿನ ಮಲಗಿದೆ. ನಾಲ್ಕನೆಯ ದಿನ ಬೆಳಿಗ್ಗೆ, ಮನೆ ಖಾಲಿಯಾದ ಮೇಲೆ, ಹೊರಗೆ ಹೊರಟೆ. ಅಥಣಿ ರಸ್ತೆಯಿಂದ ಒಳಗೆ ನಮ್ಮ ಬಡಾವಣೆ. ನಾವು ಬಂದಾಗ ಆರೇಳು ಮನೆಗಳಿದ್ದವು. ಈಗ ಸಾಲು ಸಾಲಾಗಿ ಎದ್ದಿವೆ, ನಡುವೆ ಜಾಲಿ ಬೆಳೆದ ಖಾಲಿ ನಿವೇಶನಗಳು. ಹಗಲು ಹನ್ನೊಂದರ ಹೊತ್ತಿಗೆ ಆ ಓಣಿಗಳು ಹೇಗಿರುತ್ತವೆ ಎಂದು ನಾನು ಯಾವತ್ತೂ ನೋಡಿರಲಿಲ್ಲ. ಒಂದು ಮನೆಯ ಮುಂದೆ ಹೆಂಗಸರು ಶಾವಿಗೆ ಒಣಹಾಕುತ್ತಿದ್ದರು. ಒಬ್ಬ ತರಕಾರಿ ಗಾಡಿ ನಿಲ್ಲಿಸಿಕೊಂಡು ಫೋನಿನಲ್ಲಿ ನಗುತ್ತಿದ್ದ. ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರಂತೆ ಕಂಡರು.

ತಿರುವಿನ ಮನೆಯ ಕಟ್ಟೆಯ ಮೇಲೆ ನನಗಿಂತ ತುಸು ದೊಡ್ಡವರಾದ ಒಬ್ಬರು ಪೇಪರು ಓದುತ್ತಾ ಕೂತಿದ್ದರು. ನಾನು ದಾಟುವಾಗ ಪೇಪರು ಇಳಿಸಿ ಕರೆದರು.

“ನಮಸ್ಕಾರ್ರಿ. ಹೊಸದಾಗಿ ಬಂದೀರೇನ್ರಿ ಈ ಕಡೆ?”

“ಇಲ್ರಿ. ಒಂಬತ್ತ ವರ್ಷ ಆತು.”

ಅವರು ನಂಬಲಿಲ್ಲ. ಯಾವ ಮನೆ ಎಂದು ಕೇಳಿದರು. ನಾನು ಕೈ ಮಾಡಿ ತೋರಿಸಿದೆ, ಹಸಿರು ಗೇಟಿನದು, ಮುಂದೆ ಕರಿಬೇವಿನ ಗಿಡ ಇರುವುದು.

“ಅದು ಟೀಚರ್ ಅಕ್ಕಾರ ಮನಿ ಅಲ್ಲೇನ್ರಿ?”

“ಹೌದ್ರಿ. ನಾನೂ ಅಲ್ಲೇ ಇರ್ತೇನಿ.”

ಅವರು ಜೋರಾಗಿ ನಕ್ಕರು, ನಾನೂ ನಕ್ಕೆ. ಕಟ್ಟೆಯ ಮೇಲೆ ಜಾಗ ಮಾಡಿ ಕೂಡ್ರಿ ಎಂದರು. ಕೂತೆ. ಅವರು ಬ್ಯಾಂಕಿನಲ್ಲಿ ಇದ್ದವರಂತೆ, ನಿವೃತ್ತರಾಗಿ ನಾಲ್ಕು ವರ್ಷ. ನನ್ನ ಕೆಲಸ ಏನು ಎಂದು ಕೇಳಿದರು, ಹೇಳಿದೆ. ಅವರು ಇನ್ನೇನೋ ಕೇಳಿಯಾರು ಎಂದುಕೊಂಡೆ. ಅವರು ಪೇಪರಿನ ಒಂದು ಹಾಳೆ ಬಿಡಿಸಿ ನನ್ನ ಕೈಗೆ ಕೊಟ್ಟು, ತಮ್ಮ ಹಾಳೆಗೆ ಮರಳಿದರು. ಇಬ್ಬರೂ ಮಾತಿಲ್ಲದೆ ಓದುತ್ತಾ ಬಿಸಿಲು ಕಟ್ಟೆಗೆ ಬರುವವರೆಗೂ ಕೂತಿದ್ದೆವು.

ಉಳಿದ ಆರು ದಿನವೂ ಹನ್ನೊಂದಕ್ಕೆ ಅಲ್ಲಿಗೆ ಹೋದೆ. ಎರಡು ದಿನ ಅವರಿರಲಿಲ್ಲ, ಕದಕ್ಕೆ ಬೀಗ ಇತ್ತು. ತಿಕೋಟಾದ ಒಬ್ಬ ಪರಿಚಯದವನು ಮೊನ್ನೆ ಬಸ್ಸಿನಲ್ಲಿ ಸಿಕ್ಕಿ, ಆ ತೋಟದ ಕಡಿದ ಸಾಲಿನಲ್ಲಿ ತಮ್ಮನೇ ಗುಂಡಿ ತೋಡಿ ಹೊಸ ಸಸಿ ಹಚ್ಚಿದನೆಂದು ಹೇಳಿದ. ಅಕ್ಕ ತಮ್ಮ ಮಾತಾಡುತ್ತಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಆ ಬಳ್ಳಿಗಳು ಹಣ್ಣಿಗೆ ಬರುವ ಹೊತ್ತಿಗೆ ನಾನು ನೌಕರಿಯಲ್ಲಿ ಇರುವುದಿಲ್ಲ. ರಜೆ ಮುಗಿದು ಮತ್ತೆ ಬಬಲೇಶ್ವರಕ್ಕೆ ಹೋಗುತ್ತಿದ್ದೇನೆ. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಕಿಟಕಿಯ ಪಕ್ಕ ಜಾಗ ಸಿಗುತ್ತದೆ, ಅಷ್ಟು ಹೊತ್ತಿಗೆ ಆ ಕಡೆ ಹೋಗುವವರು ಕಡಿಮೆ.